ಏಲಕ್ಕಿ ತೊಳೆದ ನೀರು

ಎರಡು ತಿಂಗಳ ಹಿಂದೆ ಒಂದು ಶುಕ್ರವಾರ ಜುಮುಅ ನಮಾಝ್ ಮುಗಿದು ಜನರೆಲ್ಲ ಚದುರಿದ ಮೇಲೂ ನಮ್ಮ ಜಮಾಅತಿನ ಒಬ್ಬ ಸಹೋದರರು ಸಫ್‌ನಲ್ಲೇ ಕುಳಿತಿದ್ದರು. ಮಗಳಿಗೆ ಹೆಚ್ಚುಕಡಿಮೆ ಗೊತ್ತಾಗಿದ್ದ ಸಂಬಂಧ ಮುರಿದುಹೋಗಿತ್ತು. ಹುಡುಗಿ ಬಿ.ಎಡ್. ಮಾಡಿದ್ದಾಳೆ, ಕುರ್‌ಆನ್ ಚೆನ್ನಾಗಿ ಓದುತ್ತಾಳೆ, ಮನೆತನದ ಬಗ್ಗೆ ಯಾರೂ ಒಂದು ಮಾತು ಆಡುವಂತಿಲ್ಲ. ಗಂಡಿನ ಕಡೆಯವರು ಎದ್ದು ಹೋಗುವಾಗ ಹೇಳಿದ್ದು ಇಷ್ಟೇ: "ಎಲ್ಲಾ ಛಲೋ ಐತ್ರಿ. ಆದ್ರ ಮನಿ ಹಳೇ ಓಣ್ಯಾಗ ಐತಿ, ಕಾರ್ ಬಾಗಿಲತನಕ ಬರಂಗಿಲ್ಲ."

"ಹಜರತ್, ಆ ಮನಿ ಮಾರಿ ಹೊರಗ ಒಂದು ಸೈಟ್ ತಗೊಳ್ಳಲೇನ್ರಿ?" ಎಂದು ಅವರು ಕೇಳಿದರು. ದುಆ ಮಾಡೋಣ ಎಂದೆವು. ಉತ್ತರ ಹೊಳೆಯದಾಗ ನಮ್ಮಂಥ ಇಮಾಮರು ಹೇಳುವ ಮಾತು ಅದು. ಮಾರಬೇಡಿ ಎನ್ನಲು ನಮಗೆ ಬಾಯಿ ಬರಲಿಲ್ಲ. ಮೂರು ವರ್ಷದ ಹಿಂದೆ ಅದೇ ಓಣಿಯ ಬಾಡಿಗೆ ಮನೆ ಬಿಟ್ಟು ಹೊಸ ಬಡಾವಣೆಗೆ ಸಾಮಾನು ಸಾಗಿಸಿದವರಲ್ಲಿ ನಾವೂ ಒಬ್ಬರು. ಮಕ್ಕಳಿಗೆ ಗಾಳಿ ಬೇಕು, ಸ್ಕೂಟರ್ ನಿಲ್ಲಿಸಲು ಜಾಗ ಬೇಕು ಎಂದು ನಾವೂ ಕಾರಣ ಕೊಟ್ಟಿದ್ದೆವು. ಅಂದಿನ ಖುತ್ಬಾದ ವಿಷಯ ನೆರೆಹೊರೆಯವರ ಹಕ್ಕು. ನೆರೆಯವನಿಗೆ ಆಸ್ತಿಯಲ್ಲೂ ಪಾಲು ಬರುತ್ತದೇನೋ ಎಂದು ಅನ್ನಿಸುವಷ್ಟರ ಮಟ್ಟಿಗೆ ಜಿಬ್ರೀಲ್(ಅ) ಪ್ರವಾದಿವರ್ಯರಿಗೆ(ಸ) ಉಪದೇಶಿಸುತ್ತಿದ್ದರೆಂಬ ಹದೀಸನ್ನು ಅರ್ಧ ಗಂಟೆಯ ಮುಂಚೆಯಷ್ಟೇ ಮಿಂಬರ್ ಮೇಲಿಂದ ವಿವರಿಸಿದ್ದೆವು. ಹಳೆಯ ನೆರೆಯವರಲ್ಲಿ ಎಷ್ಟು ಮಂದಿಯನ್ನು ನಾವು ಈ ವರ್ಷ ನೋಡಿಬಂದಿದ್ದೇವೆ ಎಂದು ಲೆಕ್ಕ ಹಾಕಿದರೆ ಒಂದು ಕೈಯ ಬೆರಳೂ ತುಂಬಲಿಲ್ಲ.

ಆ ಸಂಜೆ ಅಸರ್ ನಂತರ ಹಳೆ ಊರಿನ ಕಡೆ ನಡೆದುಕೊಂಡು ಹೋದೆವು. ಅಂದಿನಿಂದ ಇಂದಿನವರೆಗೆ ಬಿಡುವಾದಾಗಲೆಲ್ಲ ಹೋಗುತ್ತಿದ್ದೇವೆ. ಅಲ್ಲಿ ಕಂಡದ್ದನ್ನೂ ಕೇಳಿದ್ದನ್ನೂ ಹಿಂದೆ ಓದಿದ್ದನ್ನೂ ಸೇರಿಸಿ ಬರೆಯುತ್ತಿದ್ದೇವೆ.

ಹಾವೇರಿಗೆ ಹೊರಗಿನಿಂದ ಬಂದವರು ನೋಡುವುದು ಪುರದ ಸಿದ್ಧೇಶ್ವರ ದೇವಾಲಯವನ್ನು. ಕಲ್ಯಾಣ ಚಾಲುಕ್ಯರ ಕಾಲದ ಕೆಲಸ. ಬಳಪದ ಕಲ್ಲಿನ ಕೆತ್ತನೆ ಇಂದಿಗೂ ಚೂಪಾಗಿದೆ. ಸುತ್ತಲಿನ ನೆಲ ಏರಿ ಗುಡಿ ತಗ್ಗಿನಲ್ಲಿ ನಿಂತಿದೆ. ಸಾಮಾನ್ಯವಾಗಿ ಗುಡಿಗಳು ಪೂರ್ವಕ್ಕೆ ಮುಖ ಮಾಡಿದರೆ ಇದು ಪಶ್ಚಿಮಕ್ಕೆ ಮುಖ ಮಾಡಿದೆ. ಈ ಊರಿನಲ್ಲಿ ನಾವು ನಮಾಝಿಗೆ ನಿಲ್ಲುವುದೂ ಪಶ್ಚಿಮಕ್ಕೇ. ಇದರಿಂದ ಯಾವ ಅರ್ಥವನ್ನೂ ನಾವು ಹಿಂಡುತ್ತಿಲ್ಲ, ನಡೆಯುವಾಗ ತಲೆಗೆ ಬಂದದ್ದನ್ನು ಹೇಳಿದೆವು ಅಷ್ಟೇ. ಗುಡಿ ನೋಡಿದವರು ಫೋಟೊ ತೆಗೆದುಕೊಂಡು ಮತ್ತೆ ಹೆದ್ದಾರಿ ಹಿಡಿಯುತ್ತಾರೆ. ಓಣಿಗಳ ಕಡೆ ಯಾರೂ ತಿರುಗುವುದಿಲ್ಲ. ತಿರುಗಲು ಅಲ್ಲಿ ಫಲಕವೂ ಇಲ್ಲ.

ನಮ್ಮ ಮದರಸಾದ ಹುಡುಗರನ್ನು ಕೇಳಿದೆವು: ಈ ಜಿಲ್ಲೆಯಲ್ಲಿ ನಮ್ಮವರ ಇತಿಹಾಸ ಎಂದರೆ ಏನು? ಒಬ್ಬ ಸವಣೂರ ನವಾಬರು ಎಂದ. ಇನ್ನೊಬ್ಬ ಟಿಪ್ಪು ಸುಲ್ತಾನ್ ಎಂದ. ತಪ್ಪೇನಿಲ್ಲ. ಔರಂಗಝೇಬನ ಕಾಲದಲ್ಲಿ ಅಬ್ದುಲ್ ರವೂಫ್ ಖಾನ್ ಬಂಕಾಪುರದಿಂದ ಸವಣೂರಿಗೆ ರಾಜಧಾನಿ ಬದಲಿಸಿದರು. ಆ ಪುಟ್ಟ ಸಂಸ್ಥಾನ ಮರಾಠರು, ಹೈದರ್, ಟಿಪ್ಪು, ಇಂಗ್ಲಿಷರು ಎಲ್ಲರ ನಡುವೆ ಬಾಗುತ್ತ ಏಳುತ್ತ 1948ರಲ್ಲಿ ಭಾರತದಲ್ಲಿ ವಿಲೀನವಾಗುವವರೆಗೆ ಉಳಿಯಿತು. ರಾಣೇಬೆನ್ನೂರಿನ ಒಬ್ಬ ಹುಡುಗನಿಗೆ ತನ್ನ ಊರಿನಲ್ಲಿ ಕೋಟೆ ಇತ್ತೆಂಬುದು ಗೊತ್ತಿತ್ತು, ಅದು ಬಿದ್ದ ಕತೆ ಗೊತ್ತಿರಲಿಲ್ಲ. ಚನ್ನಗಿರಿಯ ಧೋಂಡಿಯಾ ವಾಘ್ ಹುಟ್ಟಿನಿಂದ ಮರಾಠ. ಟಿಪ್ಪುವಿನ ಸೆರೆಯಲ್ಲಿದ್ದಾಗ ಇಸ್ಲಾಮಿಗೆ ಬಂದ. ಶ್ರೀರಂಗಪಟ್ಟಣ ಬಿದ್ದ ಗದ್ದಲದಲ್ಲಿ ಹೊರಬಂದು ದಂಡು ಕಟ್ಟಿ ಇಂಗ್ಲಿಷರನ್ನು ಒಂದು ವರ್ಷಕ್ಕೂ ಹೆಚ್ಚು ಕಾಲ ಕಾಡಿದ. ಅವನ ಬೆನ್ನಟ್ಟಿದ ಕರ್ನಲ್ ವೆಲ್ಲೆಸ್ಲಿ 1800ರ ಜೂನ್ 27ರಂದು ರಾಣೇಬೆನ್ನೂರ ಕೋಟೆಗೆ ಲಗ್ಗೆ ಹಾಕಿ ಒಳಗಿದ್ದವರನ್ನು ಕತ್ತಿಗೆ ಕೊಟ್ಟ. ಸತ್ತವರು 500ರಷ್ಟು ಎಂದು ಬರಹಗಳು ಹೇಳುತ್ತವೆ. ಸೆಪ್ಟೆಂಬರ್ 10ಕ್ಕೆ ಧೋಂಡಿಯಾನೂ ಹತನಾದ. ಇದೇ ವೆಲ್ಲೆಸ್ಲಿ ಮುಂದೆ ವಾಟರ್‌ಲೂದಲ್ಲಿ ನೆಪೋಲಿಯನ್ನನನ್ನು ಸೋಲಿಸಿ ದೊಡ್ಡ ಹೆಸರು ಮಾಡಿದ. ಕೋಟೆಯೊಳಗೆ ಸತ್ತ ಐನೂರರಲ್ಲಿ ಒಬ್ಬನ ಹೆಸರೂ ನಮಗೆ ಉಳಿದಿಲ್ಲ.

ಇವೆಲ್ಲ ದೊರೆಗಳ, ದಂಡಿನ ಕತೆ. ನಮ್ಮ ಜಮಾಅತಿನಲ್ಲಿ ನವಾಬರ ಸಂತಾನದವರು ಯಾರಿದ್ದಾರೆ? ಹುಡುಗರಿಗೆ ಒಂದು ಕೆಲಸ ಕೊಟ್ಟೆವು. ಓಣಿಯಲ್ಲಿ ನಡೆದು ಬಾಗಿಲ ಮೇಲಿನ ಹೆಸರುಗಳನ್ನು ಬರೆದು ತನ್ನಿ ಎಂದೆವು. ತಂದ ಪಟ್ಟಿ ಓದಿದರೆ ಹಳೆಯ ಪೇಟೆಯೊಂದು ಕಣ್ಣೆದುರು ತೆರೆದುಕೊಂಡಿತು. ಪಿಂಜಾರ, ನದಾಫ್ ಎಂದರೆ ಅರಳೆ ಹಿಂಜಿ ಗಾದಿ ಹೊಲಿದವರು. ಅತ್ತಾರ ಎಂದರೆ ಸುಗಂಧ ಮಾರಿದವರು. ಮಣಿಯಾರ ಎಂದರೆ ಬಳೆ ತೊಡಿಸಿದವರು. ತಾಂಬೋಳಿ ಎಂದರೆ ಎಲೆಯವರು, ಬಾಗವಾನ ಎಂದರೆ ಹಣ್ಣಿನವರು. ಸಿಕಲಗಾರ ಎಂದರೆ ಚೂರಿ ಕತ್ತರಿ ಸಾಣೆ ಹಿಡಿದವರು. ನಾಲಬಂದ ಎಂದರೆ ಕುದುರೆಗೂ ಎತ್ತಿಗೂ ಲಾಳ ಹೊಡೆದವರು. ಪಟವೇಗಾರ ಎಂದರೆ ರೇಷ್ಮೆ ದಾರದವರು. ಇವತ್ತು ನಾಲಬಂದರ ಮಗ ಮೊಬೈಲ್ ರಿಪೇರಿ ಮಾಡುತ್ತಾನೆ, ಅತ್ತಾರರ ಮನೆಯವರು ಸರಕಾರಿ ನೌಕರಿಯಲ್ಲಿದ್ದಾರೆ. ಹೆಸರು ಮಾತ್ರ ಬಾಗಿಲ ಮೇಲೆ ನಿಂತಿದೆ. ಒಬ್ಬ ಹುಡುಗ ಕೇಳಿದ: "ಹಜರತ್, ಇಷ್ಟು ಎತ್ತಿಗೆ ಲಾಳ ಹೊಡೀಲಿಕ್ಕ ಇಲ್ಲಿ ಎತ್ತು ಎಲ್ಲಿಂದ ಬರ್ತಿದ್ವು?"

ಒಳ್ಳೆಯ ಪ್ರಶ್ನೆ. ಎತ್ತುಗಳು ಬರುತ್ತಿದ್ದದ್ದು ಘಟ್ಟದ ಕಡೆಯಿಂದ. ಹಾವೇರಿ ಇರುವುದು ಮಲೆನಾಡಿನ ಅಂಚು ಮುಗಿದು ಬಯಲುಸೀಮೆ ಶುರುವಾಗುವ ಜಾಗದಲ್ಲಿ. ಹಾನಗಲ್ ದಾಟಿ ಸಿರ್ಸಿಯ ಕಡೆ ಹೋದರೆ ಅಡಿಕೆ, ಮೆಣಸು, ಏಲಕ್ಕಿಯ ನಾಡು. ಈ ಕಡೆ ಬಂದರೆ ಜೋಳ, ಹತ್ತಿಯ ಕರಿನೆಲ. ಮೇಲಿನವರಿಗೆ ಜೋಳ ಬೇಕು, ಕೆಳಗಿನವರಿಗೆ ಅಡಿಕೆ ಬೇಕು. ನಡುವೆ ಒಂದು ಪೇಟೆ ಬೇಕು. ಕುರೈಶರು ಚಳಿಗಾಲಕ್ಕೊಂದು ದಿಕ್ಕಿಗೆ, ಬೇಸಿಗೆಗೊಂದು ದಿಕ್ಕಿಗೆ ಸಾರ್ಥ ಕಟ್ಟಿಕೊಂಡು ಹೋಗುತ್ತಿದ್ದುದನ್ನು ನಮ್ಮ ಮಕ್ಕಳು ಸೂರಃ ಕುರೈಶ್‌ನಲ್ಲಿ ಬಾಯಿಪಾಠ ಮಾಡಿದ್ದಾರೆ. ನಮ್ಮ ಓಣಿಯ ಅನ್ನವೂ ಅಂಥದೇ ತಿರುಗಾಟದಿಂದ ಹುಟ್ಟಿದ್ದು. 19ನೇ ಶತಮಾನದ ಕೊನೆಯ ಭಾಗದಲ್ಲಿ ದಕ್ಷಿಣ ಮರಾಠಾ ರೈಲ್ವೆಯ ಹಳಿ ಬರುವ ಮುಂಚೆ ಸರಕೆಲ್ಲ ಎತ್ತಿನ ಬೆನ್ನ ಮೇಲೆ, ಬಂಡಿಯ ಮೇಲೆ ಬರಬೇಕಿತ್ತು. ಮಳೆಗಾಲದಲ್ಲಿ ಘಟ್ಟದ ಹಾದಿ ಕಟ್ಟುತ್ತದೆ. ದೀಪಾವಳಿ ಕಳೆದ ಮೇಲೆ ಪೇಟೆಗೆ ಜೀವ.

ಈ ಸರಕಿನಲ್ಲಿ ಏಲಕ್ಕಿಯದೇ ಬೇರೆ ಲೆಕ್ಕ. ಹಾವೇರಿಯ ನೆಲದಲ್ಲಿ ಒಂದು ಏಲಕ್ಕಿ ಗಿಡವೂ ಬೆಳೆಯುವುದಿಲ್ಲ. ಅದಕ್ಕೆ ನೆರಳು ಬೇಕು, ಮಂಜು ಬೇಕು, ಎಡೆಬಿಡದ ಮಳೆ ಬೇಕು. ಆದರೂ ಕರ್ನಾಟಕದವರೆಲ್ಲ ಈ ಊರನ್ನು ಏಲಕ್ಕಿ ಕಂಪಿನ ಊರು ಎನ್ನುತ್ತಾರೆ. ಕಾರಣ ನೀರು. ಕಾಡಿನಿಂದ ಒಣಗಿಸಿ ತಂದ ಏಲಕ್ಕಿ ಕಂದು ಬಣ್ಣಕ್ಕೆ ತಿರುಗಿ ಕಲೆ ಹಿಡಿದಿರುತ್ತಿತ್ತು. ಹಾವೇರಿಯ ಬಾವಿ ನೀರಿನಲ್ಲಿ ತೊಳೆದರೆ ಅದು ಬಿಳುಪಾಗಿ, ನೋಡಲು ಚೆಂದವಾಗಿ, ವಾಸನೆಯೂ ಹೆಚ್ಚಿ ಒಳ್ಳೆಯ ಧಾರಣೆ ತರುತ್ತಿತ್ತು. ಬ್ರಿಟಿಷರ ಕಾಲದ ಬರಹಗಳಲ್ಲೇ ಹಾವೇರಿಯ ಏಲಕ್ಕಿ ತೊಳೆಯುವ ಬಾವಿಯ ಸುದ್ದಿ ಇದೆ. ಅಂಟುವಾಳ ಕಾಯಿ ಕುಟ್ಟಿ ಬಾವಿ ನೀರಿಗೆ ಹಾಕಿ ನೊರೆ ಬರಿಸಬೇಕು. ಅದರಲ್ಲಿ ಏಲಕ್ಕಿ ಹಾಕಿ ಕಲಸಬೇಕು. ಸೋಸಿ ಚಾಪೆಯ ಮೇಲೆ ಹರವಬೇಕು. ಬಿಸಿಲಿಗೆ ಒಣಗಿದ ಮೇಲೆ ಮತ್ತೆ ನೀರು ಚಿಮುಕಿಸಬೇಕು. ಕೊನೆಗೆ ಹೆಣ್ಣುಮಕ್ಕಳು ಕೂತು ಒಂದೊಂದೇ ಕಾಯಿಯ ತೊಟ್ಟನ್ನು ಸಣ್ಣ ಕತ್ತರಿಯಲ್ಲಿ ಕತ್ತರಿಸಿ, ದಪ್ಪ ಸಣ್ಣದು ಬೇರೆ ಮಾಡಬೇಕು.

ಬಾವಿ ಯಾವುದು ಎಂದು ಓಣಿಯಲ್ಲಿ ಕೇಳಿ ನೋಡಿ. ಮೂವರು ಮುದುಕರು ಮೂರು ಬಾವಿ ತೋರಿಸುತ್ತಾರೆ, ಮೂವರೂ ಅಲ್ಲಾಹನ ಆಣೆ ಮಾಡಲು ಸಿದ್ಧರಿದ್ದಾರೆ. ನಾವೇ ತಡೆದೆವು. ಒಂದು ವಿಷಯದಲ್ಲಿ ಮಾತ್ರ ಮೂವರದೂ ಒಂದೇ ಮಾತು. ಆ ನೀರು ಸವುಳು, ಕುಡಿಯಲು ಬಾರದು. ಕುಡಿಯಲು ಬೇರೆ ಬಾವಿಗೆ ಹೋಗಬೇಕಿತ್ತು. ಕುಡಿಯಲಾಗದ ನೀರಿನಿಂದ ಒಂದು ಊರಿಗೆ ಊರೇ ಅನ್ನ ಉಂಡಿದೆ!

ಓಣಿಯ ನಡುಭಾಗದಲ್ಲಿ ಎಲ್ಲರೂ ನಾನಿ ಎಂದೇ ಕರೆಯುವ ವೃದ್ಧೆಯೊಬ್ಬರಿದ್ದಾರೆ. ನಾವು ಆ ಓಣಿಯಲ್ಲಿದ್ದಾಗ ನಮ್ಮ ಚಿಕ್ಕ ಮಗಳಿಗೆ ಜ್ವರ ಬಂದರೆ ಮೊದಲು ಬಾಗಿಲಿಗೆ ಬರುತ್ತಿದ್ದವರು ಅವರು. ಮೂರು ವರ್ಷದ ನಂತರ ಅವರ ಪಡಸಾಲೆಯಲ್ಲಿ ಕುಳಿತಾಗ ಸಲಾಮಿಗೆ ಉತ್ತರ ಕೊಟ್ಟರು, ನಂತರ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಚಹಾ ಬಂತು. ಸೊಸೆಯ ಕಡೆ ತಿರುಗಿ, "ಹಜರತ್‌ಗೆ ಯಾಲಕ್ಕಿ ಹಾಕಿಯೇನವಾ? ದೂರದಿಂದ ಬಂದಾರ," ಎಂದರು. ನಮ್ಮ ಹೊಸ ಮನೆ ಅಲ್ಲಿಂದ ಎರಡು ಕಿಲೋಮೀಟರ್ ಕೂಡ ಇಲ್ಲ.

ನಾನಿ ಏಳೆಂಟು ವರ್ಷದ ಹುಡುಗಿಯಾಗಿದ್ದಾಗ ತಾಯಿಯ ಜೊತೆ ತೊಟ್ಟು ಕತ್ತರಿಸಲು ಹೋಗುತ್ತಿದ್ದರಂತೆ. ಹೆಂಗಸರೆಲ್ಲ ಸಾಲಾಗಿ ಕೂರುತ್ತಿದ್ದರು. ನಮ್ಮವರು, ಲಿಂಗಾಯತರು, ಕುರುಬರು, ಎಲ್ಲರೂ. ತೂಕದ ಮೇಲೆ ಕೂಲಿ. ಮನೆಗೆ ಹೋಗುವಾಗ ಸೆರಗು ಜಾಡಿಸಿ ತೋರಿಸಬೇಕಿತ್ತು. ಕಾಯಿ ಕದ್ದೊಯ್ಯದಂತೆ ನೋಡಿದ ಸಾಹುಕಾರನಿಗೆ ವಾಸನೆ ತಡೆಯಲು ಆಗಲಿಲ್ಲ ಎಂದು ಅವರು ನಕ್ಕರು. ಕೈಗೆ, ಕೂದಲಿಗೆ, ರೊಟ್ಟಿಗೆ, ತೊಟ್ಟಿಲ ಕೂಸಿಗೂ ಏಲಕ್ಕಿ ವಾಸನೆ. ಬೇರೆ ಊರಿಗೆ ಮದುವೆಗೆ ಹೋದರೆ ಹೇಳದೆಯೇ ಹಾವೇರಿಯವರು ಬಂದರು ಎಂದು ತಿಳಿಯುತ್ತಿತ್ತಂತೆ. ಒಳ್ಳೆಯ ಸಂಗಾತಿ ಕಸ್ತೂರಿ ಮಾರುವವನ ಹಾಗೆ, ನೀನು ಏನನ್ನೂ ಕೊಳ್ಳದಿದ್ದರೂ ಪರಿಮಳವನ್ನಾದರೂ ಪಡೆದೇ ಹೋಗುತ್ತಿ ಎಂಬರ್ಥದ ಪ್ರವಾದಿ(ಸ) ವಚನವನ್ನು ನಾವು ಎಷ್ಟು ಸಲ ಖುತ್ಬಾದಲ್ಲಿ ಹೇಳಿದ್ದೇವೋ ಲೆಕ್ಕವಿಲ್ಲ. ಅದನ್ನು ಮೈಮೇಲೆ ಹೊತ್ತು ತಿರುಗಿದ ಹೆಣ್ಣುಮಗಳು ನಮ್ಮ ಗೋಡೆಯಾಚೆಗೇ ಇದ್ದರೂ ಒಮ್ಮೆಯೂ ಕೇಳಿರಲಿಲ್ಲ.

ಆ ವ್ಯವಹಾರ ಯಾಕೆ ಕರಗಿತು? ಮೊದಲು ಗಂಧಕದ ಹೊಗೆ ಬಂತು. ಹೊಗೆ ಕೊಟ್ಟರೆ ಏಲಕ್ಕಿ ಎಲ್ಲಿ ಬೇಕಾದರೂ ಬಿಳುಪಾಗುತ್ತದೆ, ಹಾವೇರಿಯ ಬಾವಿಯೇ ಬೇಕೆಂದಿಲ್ಲ. ಆಮೇಲೆ ಬಿಳಿ ಏಲಕ್ಕಿಯ ಆಸೆಯೇ ಹೋಯಿತು. ಬಿಸಿಗೂಡಿನಲ್ಲಿ ಒಣಗಿಸಿದ ಹಸಿರು ಕಾಯಿಗೆ ಬೆಲೆ ಬಂತು. ಅರಬ್ಬರು ಕಹ್ವಾಕ್ಕೆ ಹಾಕುವ ಏಲಕ್ಕಿಯನ್ನು ಅವರು ಹೈಲ್ ಎನ್ನುತ್ತಾರೆ. ಅವರಿಗೆ ಬೇಕಾದದ್ದು ಹಸಿರು. ಇಡುಕ್ಕಿಯ ಬೆಟ್ಟಗಳ ಮಾಲು ಹರಾಜಿಗೆ ಬೋಡಿನಾಯಕನೂರಿನಂಥ ಊರುಗಳಿಗೆ ಹರಿಯಿತು. ಅಲ್ಲಿಗೂ ನಿಲ್ಲಲಿಲ್ಲ. ಸಮುದ್ರದಾಚೆಯ ಗ್ವಾಟೆಮಾಲಾ ಎಂಬ ದೇಶ ನಮ್ಮ ಘಟ್ಟದ ಗಿಡವನ್ನೇ ಬೆಳೆದು, ತಾವು ಅದನ್ನು ಅಷ್ಟಾಗಿ ತಿನ್ನದೆ ಎಲ್ಲವನ್ನೂ ಹೊರಗೆ ಮಾರಿ, ಕೊಲ್ಲಿ ದೇಶಗಳ ಮಾರುಕಟ್ಟೆಯನ್ನೇ ಹಿಡಿಯಿತು. ಇಂದು ಜಿದ್ದಾದಲ್ಲಿ ದುಡಿಯುವ ನಮ್ಮ ಓಣಿಯ ಹುಡುಗ ಕಫೀಲನ ಮನೆಯಲ್ಲಿ ಕುಡಿಯುವ ಕಹ್ವಾದ ಏಲಕ್ಕಿ ಗ್ವಾಟೆಮಾಲಾದ್ದೇ ಇರಬಹುದು. ಅವನ ಅಜ್ಜಿ ಕಾಯಿಯ ತೊಟ್ಟು ಕತ್ತರಿಸಿದವಳೆಂದು ಅವನಿಗೆ ಯಾರು ಹೇಳಿದ್ದಾರೆ?

ತೊಳೆಯುವುದು ನಿಂತರೂ ಪೋಣಿಸುವುದು ನಿಲ್ಲಲಿಲ್ಲ. ಹಾವೇರಿಯ ಏಲಕ್ಕಿ ಹಾರ ಎಂದರೆ ಇಂದು ರಾಜ್ಯದಲ್ಲಿ ಗೊತ್ತಿಲ್ಲದವರಿಲ್ಲ. ಅದನ್ನು ತಲೆಮಾರುಗಳಿಂದ ಮಾಡಿಕೊಂಡು ಬಂದವರು ನಮ್ಮ ಪಟವೇಗಾರ ಮನೆತನದವರು. ಪಟ್ಟೆ ಎಂದರೆ ರೇಷ್ಮೆ. ಪಟವೇಗಾರರ ಹಳೆಯ ಕಸುಬು ರೇಷ್ಮೆ ದಾರ ಹೊಸೆಯುವುದು, ಗೊಂಡೆ ಕಟ್ಟುವುದು, ಒಡವೆಗಳನ್ನು ದಾರಕ್ಕೆ ಪೋಣಿಸುವುದು. ದಾರದ ಕೈಗೆ ಏಲಕ್ಕಿ ಸಿಕ್ಕಿತು, ಹಾರವಾಯಿತು. ಒಂದೇ ಅಳತೆಯ ಕಾಯಿ ಆರಿಸಬೇಕು. ಬಿರುಕು ಬಿಟ್ಟದ್ದನ್ನು ತೆಗೆಯಬೇಕು. ಒಂದೊಂದನ್ನೂ ದಾರದಲ್ಲಿ ಬಿಗಿದು ಎಳೆ ಮಾಡಿ, ಎಳೆಗೆ ಎಳೆ ಜೋಡಿಸಿ, ನಡುವೆ ಮಣಿ, ಜರಿ, ಕೆಳಗೆ ರೇಷ್ಮೆ ಗೊಂಡೆ. ಹೂವಿನ ಹಾರ ಸಂಜೆಗೆ ಬಾಡುತ್ತದೆ, ಇದು ವರ್ಷಗಟ್ಟಲೆ ಗೋಡೆಯ ಮೇಲೆ ನಿಂತು ವಾಸನೆ ಕೊಡುತ್ತದೆ. ಮಠದ ಸ್ವಾಮಿಗಳು, ಮಂತ್ರಿಗಳು, ಮದುವೆಯ ಗಂಡುಗಳು, ಹಜ್‌ಗೆ ಹೊರಟವರು, ಎಲ್ಲರ ಕೊರಳಿಗೂ ಬೀಳುತ್ತದೆ.

2023ರ ಜನವರಿ 6ರಿಂದ 8ರವರೆಗೆ ಹಾವೇರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದು ಎಲ್ಲರಿಗೂ ನೆನಪಿದೆ. ಊರು ಸಿಂಗಾರವಾಗಿತ್ತು. ಮುಸ್ಲಿಮ್ ಬರಹಗಾರರಿಗೆ ಅಲ್ಲಿ ತಕ್ಕ ಜಾಗ ಸಿಗಲಿಲ್ಲವೆಂಬ ಕೂಗು ಎದ್ದು, ಬೆಂಗಳೂರಿನಲ್ಲಿ ಅದೇ 8ರಂದು ಬೇರೊಂದು ಸಮ್ಮೇಳನವೇ ನಡೆಯಿತು. ಆ ವಾರ ಕಳೆಯುವ ಮುಂಚೆ, 12ರಂದು ಹುಬ್ಬಳ್ಳಿಯ ರಾಷ್ಟ್ರೀಯ ಯುವಜನೋತ್ಸವದ ವೇದಿಕೆಯಲ್ಲಿ ದೇಶದ ಪ್ರಧಾನಿಯ ಕೊರಳಲ್ಲಿ ಹಾವೇರಿಯ ಏಲಕ್ಕಿ ಹಾರವಿತ್ತು. ಪತ್ರಿಕೆಯವರು ಹಾರದ ಬಗ್ಗೆ ಬರೆದರು. ಪಟವೇಗಾರರ ಕೈಯ ಬಗ್ಗೆಯೂ ಕೆಲವರು ಬರೆದರು. ಆ ದಿನಗಳಲ್ಲಿ ನಮ್ಮ ಯುವಕರ ಮನಸ್ಸು ಎರಡು ಕಡೆಗೂ ಎಳೆದಾಡುತ್ತಿತ್ತು. ಈ ಊರಲ್ಲಿ ನಮ್ಮದೇನಿದೆ ಎಂದು ಕೇಳುವವರಿಗೆ ಏನು ಹೇಳಲಿ ಎಂದು ಒಬ್ಬ ನಮ್ಮನ್ನು ಕೇಳಿದ್ದ. ನಾವು ಸಬ್ರ್ ಬಗ್ಗೆ ಹೇಳಿದ್ದೆವು. ಈಗ ಅನ್ನಿಸುತ್ತದೆ, ಅವನನ್ನು ಓಣಿಗೆ ಕರೆದುಕೊಂಡು ಹೋಗಬೇಕಿತ್ತು. ಮನುಷ್ಯ ತನ್ನ ಕೈಯಾರೆ ದುಡಿದು ಉಣ್ಣುವುದಕ್ಕಿಂತ ಮೇಲಾದ ಅನ್ನವಿಲ್ಲ, ಅಲ್ಲಾಹನ ಪ್ರವಾದಿ ದಾವೂದ್(ಅ) ಕೂಡ ತಮ್ಮ ಕೈಕೆಲಸದಿಂದಲೇ ಉಣ್ಣುತ್ತಿದ್ದರು ಎಂಬ ಹದೀಸಿನ ಆಶಯಕ್ಕೆ ಅಲ್ಲಿ ಸಾಕ್ಷಿ ಕುಳಿತಿದೆ, ತೊಡೆಯ ಮೇಲೆ ಏಲಕ್ಕಿಯ ಮೊರ ಇಟ್ಟುಕೊಂಡು.

ಬ್ಯಾಡಗಿಯ ಓದುಗರು ಇದನ್ನು ಓದಿ ನಗುತ್ತಿರಬಹುದು. ಅವರದೂ ಇದೇ ಕತೆ. ಬ್ಯಾಡಗಿ ಮೆಣಸಿನಕಾಯಿ ಎಂದರೆ ಜಗತ್ತಿಗೆ ಗೊತ್ತು, 2011ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಗುರುತೂ ಸಿಕ್ಕಿದೆ. ಕಡ್ಡಿ, ಡಬ್ಬಿ ಎರಡೂ ಖಾರ ಕಡಿಮೆ, ಬಣ್ಣ ಹೆಚ್ಚು. ಆದರೆ ಸೋಮವಾರ, ಗುರುವಾರ ಅಲ್ಲಿನ ಮಾರುಕಟ್ಟೆಗೆ ಬಂದು ಬೀಳುವ ಚೀಲಗಳಲ್ಲಿ ಬಹುಪಾಲು ಬಳ್ಳಾರಿ, ರಾಯಚೂರು, ಆಂಧ್ರದ ಕಡೆಯವು. ಬೆಳೆ ಬೇರೆಯವರದು, ಹೆಸರು ಊರಿನದು, ತುಂಬು ಬಿಡಿಸುವ ಬೆರಳು ಅಲ್ಲಿನ ಹೆಣ್ಣುಮಕ್ಕಳದು. ಹಾವೇರಿಯಲ್ಲಿ ಕೈ ಕಂಪು ಹಿಡಿಯುತ್ತಿತ್ತು, ಬ್ಯಾಡಗಿಯಲ್ಲಿ ಕೈ ಉರಿಯುತ್ತದೆ. ರಾತ್ರಿ ಮಗುವಿನ ಕಣ್ಣೊರೆಸಲು ಹೆದರುವ ತಾಯಂದಿರು ಅಲ್ಲಿದ್ದಾರೆ. ರಮಝಾನಿನಲ್ಲಿ ಉಪವಾಸವಿದ್ದು ಆ ಘಾಟಿನಲ್ಲಿ ಕೂರುವವರನ್ನು ನಾವು ಕಂಡಿದ್ದೇವೆ. ಬ್ಯಾಡಗಿಯ ಹಳೆ ಓಣಿಗಳ ಬಗ್ಗೆ ಅಲ್ಲಿಯವರೇ ಯಾರಾದರೂ ಬರೆಯಬೇಕು, ನಮ್ಮ ತಿಳುವಳಿಕೆ ಅಷ್ಟಿಲ್ಲ.

ಓಣಿಯ ಚೆಲುವನ್ನೇ ಹೇಳಿ ಕಷ್ಟವನ್ನು ಮುಚ್ಚಿಡುವುದು ನ್ಯಾಯವಲ್ಲ. ಗಟಾರ ಇನ್ನೂ ಬಾಗಿಲ ಮುಂದೆಯೇ ಹರಿಯುತ್ತದೆ. ಮೇಲ್ಮುದ್ದೆಯ ಮನೆಗಳು ಪ್ರತಿ ಮಳೆಗಾಲಕ್ಕೆ ಒಂದೊಂದಾಗಿ ಕುಸಿಯುತ್ತವೆ. ಆಂಬುಲೆನ್ಸ್ ಒಳಗೆ ಬರುವುದಿಲ್ಲ. ಓಣಿಯ ಮೂಲೆಯಲ್ಲಿ ಜನಾಜಾ ತಿರುಗಿಸಲು ಜಾಗ ಸಾಲದೆ ನಾಲ್ವರು ಹೆಗಲು ಕೊಟ್ಟಲ್ಲಿ ಇಬ್ಬರು ಸರಿದು, ಮುಂದಿನವರು ಕೈಯೆತ್ತಿ ಕಟ್ಟೆಯ ಮೇಲಿಂದ ದಾಟಿಸಬೇಕು. ನಾವೇ ಎಷ್ಟೋ ಸಲ ಆ ಮೂಲೆಯಲ್ಲಿ ನಿಂತು ಕೈ ಕೊಟ್ಟಿದ್ದೇವೆ. ಆದರೆ ಒಂದು ಮಾತು. ಆ ಕಟ್ಟೆ ಮಠದ ಭಕ್ತರೊಬ್ಬರ ಮನೆಯದು. ಜನಾಜಾ ಬರುವ ಸುದ್ದಿ ತಿಳಿದರೆ ಅವರ ಮನೆಯವರು ಕಟ್ಟೆಯ ಮೇಲಿನ ಸೈಕಲ್ಲು, ಕೊಡ, ತುಳಸಿ ಕುಂಡ ಎಲ್ಲವನ್ನೂ ಒಳಗೆ ಸರಿಸಿ, ಕಟ್ಟೆ ಒರೆಸಿ ನಿಲ್ಲುತ್ತಾರೆ. ಯಾರೂ ಹೇಳಿಕೊಟ್ಟದ್ದಲ್ಲ, ಅವರ ಅಜ್ಜನ ಕಾಲದಿಂದ ನಡೆದು ಬಂದದ್ದು. ನಮ್ಮ ಹೊಸ ಬಡಾವಣೆಯಲ್ಲಿ ಮೂವತ್ತು ಅಡಿ ರಸ್ತೆ ಇದೆ, ಜನಾಜಾ ಸಲೀಸಾಗಿ ಹೋಗುತ್ತದೆ. ಹೋದದ್ದು ಎದುರು ಮನೆಯವರಿಗೆ ಎಷ್ಟೋ ಸಲ ಸಂಜೆಗೆ ಗೊತ್ತಾಗುತ್ತದೆ.

ಮನೆ ಮಾರುವ ಮಾತಾಡಿದ ಸಹೋದರರ ಬಳಿ ಮತ್ತೆ ಹೋದೆವು. ಮಾರಬೇಡಿ ಎಂದು ಈ ಸಲವೂ ಹೇಳಲಿಲ್ಲ. ಅವರ ಮಗಳ ಬದುಕು ನಮ್ಮ ಇತಿಹಾಸದ ಆಸೆಗಿಂತ ದೊಡ್ಡದು. ಅಟ್ಟದ ಮೇಲೆ ಏನಿದೆ, ಒಮ್ಮೆ ನೋಡೋಣ ಎಂದಷ್ಟೇ ಕೇಳಿದೆವು. ನಾಗೊಂದಿಗೆಯ ಮೇಲೆ ಒಂದು ತಗಡಿನ ಪೆಟ್ಟಿಗೆ ಇತ್ತು. ಅದರಲ್ಲಿ ಮೂರು ಖಾತೆ ಪುಸ್ತಕಗಳು. ಅಂಚು ಇಲಿ ತಿಂದಿದೆ, ನಡುವೆ ಓದಲು ಬರುತ್ತದೆ. ಕೆಲವು ಪುಟ ಮೋಡಿಯಲ್ಲಿ, ಕೆಲವು ಕನ್ನಡದಲ್ಲಿ, ಮೊದಲ ಪುಟದ ನೆತ್ತಿಯಲ್ಲಿ ಉರ್ದುವಿನಲ್ಲಿ 786. ಎಷ್ಟು ಚೀಲ, ಯಾರ ಮಾಲು, ತೊಳೆದ ಕೂಲಿ, ಕತ್ತರಿಸಿದ ಕೂಲಿ. ಆ ಹೆಣ್ಣುಮಗಳು ಅಜ್ಜನ ಅಕ್ಷರದ ಮೇಲೆ ಬೆರಳಿಟ್ಟು ನಿಧಾನಕ್ಕೆ ಓದತೊಡಗಿದಳು. ತಂದೆ ಬಾಗಿಲಲ್ಲಿ ನಿಂತಿದ್ದರು. ಕೂಲಿಯ ಪಟ್ಟಿಯಲ್ಲಿ ಒಂದು ಹೆಸರು ಬಂದಾಗ ಅವಳು ತಲೆ ಎತ್ತಿ, "ಅಬ್ಬಾ, ಇದು ನಾನಿಯ ಅಮ್ಮೀ ಹೆಸರಲ್ಲೇನು?" ಎಂದಳು. ನಾನಿಯನ್ನು ಕರೆದುಕೊಂಡು ಬಂದೆವು. ಓದು ಬಾರದ ನಾನಿ ಆ ಸಾಲನ್ನು ಎರಡು ಸಲ ಓದಿಸಿಕೊಂಡರು, ಕೂಲಿ ಎಷ್ಟು ಕೊಟ್ಟಿದ್ದಾರೆಂದು ಕೇಳಿದರು, ಎರಡಾಣೆ ಕಡಿಮೆ ಕೊಟ್ಟಿದ್ದಾರೆ ಎಂದು ಅಲ್ಲೇ ತಕರಾರು ತೆಗೆದರು.

ಇಂಥ ಪೆಟ್ಟಿಗೆಗಳು ಬೇರೆ ಮನೆಗಳ ಅಟ್ಟದ ಮೇಲೂ ಇರಬೇಕು. ಹಾವೇರಿ, ಬ್ಯಾಡಗಿ, ರಾಣೇಬೆನ್ನೂರಿನ ಓದುಗರಲ್ಲಿ ನಮ್ಮ ವಿನಂತಿ: ಮನೆ ಕೆಡವುವ ಮುಂಚೆ, ಮಾರುವ ಮುಂಚೆ, ಒಮ್ಮೆ ಮೇಲೆ ಹತ್ತಿ ನೋಡಿ. ಖಾತೆ ಪುಸ್ತಕ, ಬಾಡಿಗೆ ಚೀಟಿ, ನಿಕಾಹ್‌ನಾಮಾ, ಸಾಲದ ಪತ್ರ, ಏನಿದ್ದರೂ ಮಸೀದಿಗೆ ತನ್ನಿ. ನಕಲು ತೆಗೆದು ಮೂಲವನ್ನು ಅಂದೇ ನಿಮ್ಮ ಕೈಗೆ ಕೊಡುತ್ತೇವೆ. ಮೋಡಿ ಓದಬಲ್ಲ ಹಿರಿಯರು ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ, ನಮ್ಮ ಹುಡುಗರು ಅವರ ಮನೆಗೇ ಬಂದು ಕೂರುತ್ತಾರೆ. ಪ್ರತಿ ಭಾನುವಾರ ಅಸರ್ ನಂತರ ಓಣಿಯಲ್ಲಿ ನಡೆಯುತ್ತೇವೆ, ನಾನಿಯ ಕಟ್ಟೆಯಿಂದ ಹೊರಡುತ್ತೇವೆ. ಕಾರು ತರಬೇಡಿ, ಒಳಗೆ ಬರುವುದಿಲ್ಲ.